ಕುಕಿಂಗ್ ರೇಂಜಿನ ಹಿಂಬದಿ

ಅಡುಗೆಕಟ್ಟೆಯ ಮೇಲಿನ ಎರಡು ಬರ್ನರಿನ ಒಲೆಯ ಬದಲಿಗೆ, ನೆಲದ ಮೇಲೆ ತನ್ನ ಕಾಲುಗಳಲ್ಲೇ ನಿಲ್ಲುವ, ಮೇಲೆ ನಾಲ್ಕೈದು ಬರ್ನರುಗಳೂ ಕೆಳಗೆ ಗ್ಯಾಸ್ ಓವನ್ನೂ ಇರುವ ಕುಕಿಂಗ್ ರೇಂಜನ್ನು ಕೊಳ್ಳುವವರು ಈಗ ನಮ್ಮ ಮೈಸೂರಿನಲ್ಲೂ ಇದ್ದಾರೆ. ಬ್ರೆಡ್ಡು, ಬನ್ನು, ಕೇಕುಗಳನ್ನು ಮನೆಯಲ್ಲೇ ಮಾಡಬೇಕೆಂಬ ಆಸೆಯಿಂದ ನಮ್ಮ ಮನೆಗೂ ಅಂಥದ್ದೊಂದು ಬಂದಿದೆ. ಅದನ್ನು ತರುವ ಮುನ್ನ ಕೈಪಿಡಿಗಳನ್ನು ಓದಿ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಅವರನ್ನು ವಿಚಾರಿಸಿದಾಗ ನನಗೆ ಮನವರಿಕೆಯಾದ ಸಂಗತಿಯೊಂದಿದೆ. ಕಟ್ಟೆಯ ಒಲೆಗೆ ಬರುವ ಪೈಪು, ಅದರ ಜೋಡಣೆ ಮತ್ತು ಬಿಸಿಯಾಗುವ ಭಾಗಗಳು ದಿನವೂ ಕಣ್ಣಿಗೆ ಬೀಳುತ್ತವೆ. ರೇಂಜಿನಲ್ಲಾದರೆ ಇವೆಲ್ಲವೂ ಅದರ ಬೆನ್ನ ಹಿಂದೆ ಸೇರುತ್ತವೆ, ಮತ್ತು ಒಬ್ಬರೇ ಸುಲಭವಾಗಿ ಸರಿಸಲಾಗದಷ್ಟು ಭಾರದ ಪೆಟ್ಟಿಗೆಯೊಂದು ಅವುಗಳಿಗೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಅಳವಡಿಸುವ ದಿನ ಹಿಂಬದಿಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಮುಂದಿನ ಹಲವು ವರ್ಷಗಳ ಎಚ್ಚರಿಕೆಗಿಂತ ಹೆಚ್ಚಿನ ಬೆಲೆಯಿದೆ ಎಂದು ನಾನು ನಂಬಿದ್ದೇನೆ.

ಮೊದಲು ಗ್ಯಾಸಿನ ಸ್ವಭಾವವನ್ನು ತಿಳಿದುಕೊಳ್ಳಬೇಕು. ಮನೆಗೆ ಬರುವ 14.2 ಕಿಲೋ ಸಿಲಿಂಡರಿನಲ್ಲಿ ಇರುವುದು ಒತ್ತಡದಿಂದ ದ್ರವರೂಪಕ್ಕೆ ಬಂದಿರುವ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಒಂದು ಲೀಟರ್ ದ್ರವವು ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ, ಮತ್ತು ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು ಎರಡರಷ್ಟಾದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ್ದರಿಂದ, ಸೋರಿದ ಗ್ಯಾಸ್ ಮೇಲಿನ ಕಿಟಕಿಯತ್ತ ಏರದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ರೇಂಜಿನ ಅಡಿಯ ಸಂದು, ಪಾತ್ರೆ ಇಡಲೆಂದು ಕೊಟ್ಟಿರುವ ಕೆಳಗಿನ ಡ್ರಾಯರು, ಪಕ್ಕದ ಮುಚ್ಚಿದ ಕಪಾಟು ಇವೆಲ್ಲ ಅಂಥ ತಗ್ಗುಗಳೇ. ಕಟ್ಟೆಯ ಒಲೆಯ ಉರಿ ಸೊಂಟದೆತ್ತರದಲ್ಲಿದ್ದರೆ ಓವನ್ನಿನ ಉರಿ ನೆಲಕ್ಕೆ ಬಹಳ ಹತ್ತಿರದಲ್ಲಿರುತ್ತದೆ, ಅಂದರೆ ಸೋರಿದ ಗ್ಯಾಸ್ ಬಂದು ನಿಲ್ಲುವ ಮಟ್ಟದಲ್ಲೇ ಇರುತ್ತದೆ. ಈ ಕಾರಣದಿಂದ ಅಡುಗೆಮನೆಗೆ ಮೇಲ್ಗಡೆಯ ಕಿಟಕಿ ಅಥವಾ ಎಗ್ಸಾಸ್ಟ್ ಫ್ಯಾನ್ ಇದ್ದರೆ ಸಾಲದು, ನೆಲದ ಮಟ್ಟದಲ್ಲಿ ಗಾಳಿ ಹೊರಹೋಗಲು ದಾರಿ ಬೇಕು. ಹಿತ್ತಲ ಬಾಗಿಲಿನ ಕೆಳಗೆ ಜಾಲರಿ ಇಡಿಸಿದರೂ ಆದೀತು.

ರೇಂಜನ್ನು ನಿಲ್ಲಿಸುವ ಜಾಗ ಗಟ್ಟಿಯಾಗಿಯೂ ಸಮತಟ್ಟಾಗಿಯೂ ಇರಬೇಕು. ನೀರು ಹರಿದು ಹೋಗಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುವ ಅಡುಗೆಮನೆಗಳು ನಮ್ಮಲ್ಲಿ ಬಹಳ. ಕಾಲುಗಳ ತಿರುಪನ್ನು ಹೊಂದಿಸಿ, ಬರ್ನರಿನ ಮೇಲೆ ಅಗಲವಾದ ತಟ್ಟೆಯಲ್ಲಿ ನೀರಿಟ್ಟು ಮಟ್ಟವನ್ನು ನೋಡಿದರೆ ಓರೆ ಗೊತ್ತಾಗುತ್ತದೆ. ಓವನ್ನಿನ ಬಾಗಿಲನ್ನು ಪೂರ್ತಿ ತೆರೆದು ಅದರ ಮೇಲೆ ಭಾರ ಬಿದ್ದರೆ, ಉದಾಹರಣೆಗೆ ಮಗುವೊಂದು ಅದರ ಮೇಲೆ ಹತ್ತಿ ನಿಂತರೆ, ಇಡೀ ರೇಂಜು ಮುಂದಕ್ಕೆ ವಾಲಿ ಮೇಲಿರುವ ಕುದಿಯುವ ಸಾರು ಮಗುವಿನ ಮೈಮೇಲೆ ಚೆಲ್ಲಬಹುದು. ಇದನ್ನು ತಡೆಯಲೆಂದೇ ಹಲವು ಮಾದರಿಗಳ ಜೊತೆಗೆ ಹಿಂಬದಿಯನ್ನು ಗೋಡೆಗೆ ಬಿಗಿಯುವ ಕೊಂಡಿಯನ್ನೋ ಸರಪಳಿಯನ್ನೋ ಕೊಟ್ಟಿರುತ್ತಾರೆ. ಅಳವಡಿಸಲು ಬಂದವರು ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೋಗುವುದುಂಟು. ಗೋಡೆಗೆ ತೂತು ಕೊರೆಯಲು ಮನಸ್ಸಾಗದಿದ್ದರೂ ಅದನ್ನು ಕೇಳಿ ಹಾಕಿಸಿಕೊಳ್ಳಬೇಕು.

ಓವನ್ನಿನ ಬಿಸಿಗಾಳಿ ಸಾಮಾನ್ಯವಾಗಿ ಹಿಂಬದಿಯ ಮೇಲ್ಭಾಗದ ಕಿಂಡಿಗಳಿಂದ ಹೊರಬರುತ್ತದೆ. ಆ ಕಿಂಡಿಗೆ ಗೋಡೆ ಅಂಟಿಕೊಳ್ಳದಂತೆ, ಕೈಪಿಡಿಯಲ್ಲಿ ಹೇಳಿದಷ್ಟು ಅಂತರವನ್ನು ಹಿಂದೆಯೂ ಪಕ್ಕಗಳಲ್ಲೂ ಬಿಡಬೇಕು. ಪ್ಲೈವುಡ್ ಕಪಾಟುಗಳ ನಡುವೆ ಬಿಗಿಯಾಗಿ ತೂರಿಸಿದರೆ ಅಡುಗೆಮನೆ ಅಂದವಾಗಿ ಕಾಣುವುದು ನಿಜ, ಆದರೆ ಶಾಖಕ್ಕೆ ಹೋಗಲು ದಾರಿಯಿಲ್ಲದೆ ಮರದ ಹಲಗೆ ವರ್ಷಗಟ್ಟಲೆ ಒಣಗಿ ಕಪ್ಪಾಗುತ್ತ ಹೋಗುತ್ತದೆ. ಮೇಲಿನ ಚಿಮಣಿಯನ್ನು ಬರ್ನರುಗಳಿಂದ 65ರಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸುವುದು ರೂಢಿ. ಕಿಟಕಿಯ ಪರದೆ ಹಾರಿ ಉರಿಗೆ ತಾಗುವಂತಿದ್ದರೆ ಪರದೆಯನ್ನೇ ತೆಗೆಯುವುದು ಒಳ್ಳೆಯದು.

ಇನ್ನು ಸಿಲಿಂಡರ್. ಅದು ಯಾವಾಗಲೂ ನೆಟ್ಟಗೆ, ನೆಲದ ಮೇಲೆ, ಕೈಗೆ ತಕ್ಷಣ ಸಿಗುವ ಜಾಗದಲ್ಲಿರಬೇಕು. ಕಟ್ಟೆಯ ಒಲೆಯ ಕೆಳಗೆ ಸಿಲಿಂಡರ್ ಇಟ್ಟು ರೂಢಿಯಾದವರು ರೇಂಜ್ ಬಂದಾಗ ಅದನ್ನು ಓವನ್ನಿನ ಪಕ್ಕಕ್ಕೆ ಒತ್ತಿ ಇಟ್ಟುಬಿಡುತ್ತಾರೆ. ಓವನ್ನಿನ ಪಕ್ಕದ ತಗಡು ಒಂದು ಗಂಟೆಯ ಬೇಕಿಂಗ್ ಆಗುವಷ್ಟರಲ್ಲಿ ಚೆನ್ನಾಗಿ ಕಾಯುತ್ತದೆ, ಮತ್ತು ಕಾಯ್ದ ಸಿಲಿಂಡರಿನ ಒಳಗಿನ ಒತ್ತಡ ಏರುತ್ತದೆ. ಜಾಗವಿದ್ದವರು ಸಿಲಿಂಡರನ್ನು ಹೊರಗಿನ ಯುಟಿಲಿಟಿಯಲ್ಲಿಟ್ಟು, ಏಜೆನ್ಸಿಯವರ ಮೂಲಕವೇ ತಾಮ್ರದ ಪೈಪನ್ನು ಒಳಗೆ ತರಿಸಿಕೊಳ್ಳುವುದು ಉತ್ತಮ. ರಬ್ಬರ್ ಪೈಪನ್ನು ಮಾತ್ರ ಗೋಡೆಯ ತೂತಿನೊಳಗಿಂದ ಎಂದೂ ಹಾಯಿಸಬಾರದು, ಏಕೆಂದರೆ ಅದು ಎಲ್ಲಿ ಸವೆದಿದೆ ಎಂಬುದು ಯಾರಿಗೂ ಕಾಣುವುದಿಲ್ಲ.

ನನ್ನ ಮಟ್ಟಿಗೆ ಈ ಇಡೀ ವಿಷಯದ ಹೃದಯ ಪೈಪು. ತೈಲ ಕಂಪನಿಗಳು ಏಜೆನ್ಸಿಗಳ ಮೂಲಕ ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಒಳಪದರದಲ್ಲಿ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಅದರ ಮೇಲೆ ಐಎಸ್‌ಐ ಗುರುತು, ಐಎಸ್ 9573 ಎಂಬ ಸಂಖ್ಯೆ ಮತ್ತು ಬಳಸಬಹುದಾದ ಅವಧಿ ಅಚ್ಚಾಗಿರುತ್ತವೆ. ಬಿರುಕು ಕಾಣಲಿ ಕಾಣದಿರಲಿ, ಐದು ವರ್ಷಕ್ಕೆ ಅದನ್ನು ಬದಲಾಯಿಸಬೇಕು. ಉದ್ದ ಒಂದೂವರೆ ಮೀಟರ್ ಮೀರಬಾರದು, ಎರಡು ತುಂಡುಗಳನ್ನು ಸೇರಿಸಿ ಉದ್ದ ಮಾಡಬಾರದು. ರೇಂಜಿನ ವಿಷಯದಲ್ಲಿ ಈ ಒಂದೂವರೆ ಮೀಟರಿನ ಮಿತಿಯೇ ತೊಡಕಾಗುತ್ತದೆ. ಗ್ಯಾಸ್ ಒಳಬರುವ ಮೂತಿ ಹಿಂಬದಿಯ ಎಡಕ್ಕಿದ್ದು ಸಿಲಿಂಡರ್ ಬಲಕ್ಕಿದ್ದರೆ, ಪೈಪು ಓವನ್ನಿನ ಬೆನ್ನಿಗೆ ಅಡ್ಡಲಾಗಿ, ಬಿಸಿಗಾಳಿಯ ದಾರಿಯಲ್ಲೇ ಹಾದುಹೋಗಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅಳವಡಿಸಲು ಬಂದವರು ಹಾಗೆಯೇ ಹಾಯಿಸಲು ಹೊರಟಿದ್ದರು. ಸಿಲಿಂಡರನ್ನೇ ಆ ಕಡೆಗೆ ಸ್ಥಳಾಂತರಿಸಿದ ಮೇಲೆ ಪೈಪು ಓವನ್ನನ್ನು ಮುಟ್ಟದೆ ಸಡಿಲವಾದ ಬಾಗಿನಲ್ಲಿ ಬಂದು ಕೂತಿತು. ಕೆಲವು ಮಾದರಿಗಳಲ್ಲಿ ಎರಡೂ ಬದಿಗೆ ಮೂತಿಯಿದ್ದು, ಬಳಸದ ಬದಿಯನ್ನು ಮುಚ್ಚಳದಿಂದ ಬಿಗಿದಿರುತ್ತಾರೆ. ಹಾಗಿದ್ದರೆ ಆ ಮುಚ್ಚಳವೂ ಗ್ಯಾಸ್ ಸೋರಬಹುದಾದ ಜಾಗ ಎಂಬುದು ನೆನಪಿರಬೇಕು.

ಹಳೆಯ ಒಲೆಯನ್ನು ಕಟ್ಟೆಯ ಮೇಲೆ ಹಾಗೆಯೇ ಉಳಿಸಿಕೊಂಡು, ಒಂದೇ ಪೈಪಿನ ನಡುವೆ ಕವಲು ಹಾಕಿ ಎರಡಕ್ಕೂ ಗ್ಯಾಸ್ ಕೊಡಿಸುವ ಪರಿಪಾಠವನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಪ್ರತಿಯೊಂದು ಜೋಡಣೆಯೂ ಸೋರಿಕೆಗೆ ಹೊಸ ಅವಕಾಶ, ಮತ್ತು ರೇಂಜಿನ ಹಿಂದೆ ಅಂಥ ಜೋಡಣೆ ಸಡಿಲವಾದರೆ ವಾಸನೆ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಎರಡೂ ಬೇಕೇ ಬೇಕೆಂದರೆ, ಲೋಹದ ಪೈಪಿನಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ವಾಲ್ವ್ ಇರುವ ವ್ಯವಸ್ಥೆಯನ್ನು ಏಜೆನ್ಸಿಯ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಬೇಕು. ಆ ವಾಲ್ವ್ ರೇಂಜನ್ನು ಸರಿಸದೆ ಕೈಗೆಟುಕುವ ಜಾಗದಲ್ಲಿರಬೇಕು. ಲೈಟರಿಗೂ ಓವನ್ನಿನ ದೀಪಕ್ಕೂ ಬೇಕಾದ ಮೂರು ಪಿನ್ನಿನ ಪ್ಲಗ್ಗಿನ ವಿಷಯದಲ್ಲೂ ಇದೇ ಮಾತು. ಹಿಂಬದಿಯಲ್ಲಿ ಅಡಗಿದ ಸ್ವಿಚ್ಚು ಆಪತ್ತಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹೊರದೇಶಗಳಿಂದ ಬರುವ ರೇಂಜುಗಳನ್ನು ಕೊಳ್ಳುವವರು ಅವುಗಳ ಜೆಟ್ಟುಗಳು, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗಗಳು, ಯಾವ ಅನಿಲಕ್ಕೆ ಮಾಡಿದವು ಎಂದು ವಿಚಾರಿಸಲೇಬೇಕು. ನಮ್ಮ ರೆಗ್ಯುಲೇಟರಿನಿಂದ ಗ್ಯಾಸ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಹೊರಬರುತ್ತದೆ. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಕಂಪನಿ ಮನೆಗಳಿಗೆ ಕೊಳವೆಯಲ್ಲಿ ಕೊಡುವಂಥ ನೈಸರ್ಗಿಕ ಅನಿಲದ ಒತ್ತಡ ಸುಮಾರು 21 ಮಿಲಿಬಾರ್. ಅಷ್ಟೇ ಗಾತ್ರದ ಸಿಲಿಂಡರ್ ಗ್ಯಾಸಿನಲ್ಲಿ ನೈಸರ್ಗಿಕ ಅನಿಲಕ್ಕಿಂತ ಎರಡೂವರೆ ಪಟ್ಟಿನಷ್ಟು ಶಾಖವಿರುವುದರಿಂದ ಅದಕ್ಕೆ ಸಣ್ಣ ತೂತಿನ ಜೆಟ್ ಸಾಕು, ನೈಸರ್ಗಿಕ ಅನಿಲಕ್ಕೆ ದೊಡ್ಡ ತೂತಿನದು ಬೇಕು. ದೊಡ್ಡ ಜೆಟ್ಟಿನಲ್ಲಿ ಸಿಲಿಂಡರ್ ಗ್ಯಾಸ್ ಉರಿಸಿದರೆ ಜ್ವಾಲೆ ಹಳದಿಯಾಗಿ ಎತ್ತರಕ್ಕೆ ಏಳುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಮತ್ತು ಅರೆಬೆಂದ ಗ್ಯಾಸಿನಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಜೆಟ್ ಬದಲಾಯಿಸುವುದು ಗೊತ್ತಿದ್ದವರೇ ಮಾಡಬೇಕಾದ ಕೆಲಸ, ಮೇಲಿನ ಬರ್ನರುಗಳ ಜೊತೆಗೆ ಓವನ್ನಿನ ಜೆಟ್ಟನ್ನೂ ಬದಲಾಯಿಸಿದರೇ ಎಂದು ಕೇಳಿಕೊಳ್ಳಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಊರಿನ ಅಭ್ಯಾಸದಂತೆ ಸ್ನೇಹಿತರ ನೆರವಿನಿಂದ ಇಂಥ ಕೆಲಸಕ್ಕೆ ಕೈಹಾಕಬಾರದು. ಅಲ್ಲಿ ಗ್ಯಾಸ್ ಕೆಲಸ ಮಾಡಲು ಬರುವವರು ಗ್ಯಾಸ್ ಸೇಫ್ ಎಂಬ ನೋಂದಣಿಯಲ್ಲಿ ಇರಲೇಬೇಕೆಂದು ಕಾನೂನಿದೆ.

ಎಲ್ಲ ಜೋಡಣೆ ಮುಗಿದ ಮೇಲೆ, ರೇಂಜನ್ನು ಗೋಡೆಯತ್ತ ತಳ್ಳುವ ಮುನ್ನವೇ ಸೋರಿಕೆಯನ್ನು ಪರೀಕ್ಷಿಸಬೇಕು. ನಾಬುಗಳೆಲ್ಲ ಬಂದಾಗಿರುವಾಗ ರೆಗ್ಯುಲೇಟರ್ ತೆರೆದು, ಸಾಬೂನಿನ ನೀರನ್ನು ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಒಂದೆರಡು ನಿಮಿಷ ಗಮನಿಸಬೇಕು. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಕ್ರಮ ಪ್ರಾಣಕ್ಕೇ ಅಪಾಯ. ರೇಂಜನ್ನು ಹಿಂದಕ್ಕೆ ತಳ್ಳಿದ ಬಳಿಕ ಪೈಪು ಮಡಚಿಕೊಂಡಿಲ್ಲವೇ, ಕಾಲಿನ ಅಡಿಗೆ ಸಿಕ್ಕಿಲ್ಲವೇ ಎಂದು ಟಾರ್ಚ್ ಹಾಕಿ ಮತ್ತೊಮ್ಮೆ ನೋಡಬೇಕು. ಹೊಸ ಸಿಲಿಂಡರ್ ಬಂದಾಗಲೆಲ್ಲ ವಾಲ್ವಿನೊಳಗಿನ ರಬ್ಬರ್ ಉಂಗುರ ಇದೆಯೇ ಎಂದು ನೋಡುವುದೂ, ಕುತ್ತಿಗೆಯ ಪಟ್ಟಿಯ ಮೇಲಿನ ಅಕ್ಷರವನ್ನು ಓದುವುದೂ ಅಗತ್ಯ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ವರೆಗೆ ನಾಲ್ಕು ತ್ರೈಮಾಸಿಕಗಳು, ಪಕ್ಕದ ಅಂಕಿ ವರ್ಷ. ಸಿಲಿಂಡರಿನ ಮುಂದಿನ ತಪಾಸಣೆ ಆ ಹೊತ್ತಿಗೆ ಆಗಬೇಕು ಎಂಬುದು ಅದರ ಅರ್ಥ. ಅವಧಿ ಮುಗಿದದ್ದನ್ನು ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸಬೇಕು.

ಓವನ್ ಹೊತ್ತಿಸುವಾಗ ಬಾಗಿಲು ತೆರೆದೇ ಇರಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ಗ್ಯಾಸ್ ತುಂಬಿದ ಮೇಲೆ ಕಿಡಿ ತಾಗಿದರೆ ಉರಿ ಮುಖಕ್ಕೇ ನುಗ್ಗುತ್ತದೆ. ಮೊದಲ ಸಲ ಹೊತ್ತದಿದ್ದರೆ ನಾಬನ್ನು ಬಂದು ಮಾಡಿ, ಬಾಗಿಲನ್ನು ತೆರೆದಿಟ್ಟು, ಒಳಗಿನ ಗ್ಯಾಸ್ ಪೂರ್ತಿ ಹೋಗುವವರೆಗೆ ಕೆಲವು ನಿಮಿಷ ಕಾದು ಮತ್ತೆ ಪ್ರಯತ್ನಿಸಬೇಕು. ಹಲವು ರೇಂಜುಗಳಲ್ಲಿ ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಸಾಧನವಿರುತ್ತದೆ. ಎರಡು ಬೇರೆ ಲೋಹಗಳ ಬೆಸುಗೆ ಉರಿಯಲ್ಲಿ ಕಾಯ್ದಾಗ ಹುಟ್ಟುವ ಅಲ್ಪ ವಿದ್ಯುತ್ತು ವಾಲ್ವನ್ನು ತೆರೆದು ಹಿಡಿದಿರುತ್ತದೆ, ಅದು ತಣಿದೊಡನೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹೊತ್ತಿದ ಮೇಲೂ ಕೆಲವು ಸೆಕೆಂಡು ನಾಬನ್ನು ಒತ್ತಿ ಹಿಡಿಯಬೇಕಾಗಿರುವುದು ಈ ಬೆಸುಗೆ ಕಾಯಲೆಂದೇ. ನನ್ನ ಅಭಿಪ್ರಾಯದಲ್ಲಿ ಬರ್ನರುಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದದ್ದು ಈ ಸಾಧನವನ್ನು, ಅದೂ ಓವನ್ನಿಗಷ್ಟೇ ಅಲ್ಲದೆ ಎಲ್ಲ ಬರ್ನರುಗಳಿಗೂ ಇದೆಯೇ ಎಂದು ಕೇಳಬೇಕು. ಹಾಲು ಉಕ್ಕಿ ಉರಿ ಆರುವುದು ನಮ್ಮ ಅಡುಗೆಮನೆಗಳಲ್ಲಿ ಆಗಾಗ ನಡೆಯುವ ಸಂಗತಿ. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲನ್ನು ಬೇಕೆಂದೇ ಉಕ್ಕಿಸುತ್ತೇವೆ. ಶಾಸ್ತ್ರಕ್ಕೆ ಸ್ವಲ್ಪ ಉಕ್ಕಿದರೆ ಸಾಕು, ಒಬ್ಬರು ನಾಬಿನ ಬಳಿಯೇ ನಿಂತು ಉರಿಯನ್ನು ತಗ್ಗಿಸಬೇಕು, ಆ ಮೇಲೆ ಬರ್ನರಿನ ತೂತುಗಳಲ್ಲಿ ಕಟ್ಟಿಕೊಂಡ ಹಾಲನ್ನು ತೊಳೆದು ಒಣಗಿಸಿ ಹಾಕಬೇಕು.

ರಾಗಿಮುದ್ದೆ ಮಾಡುವ ಮನೆಗಳಿಗೆ ಒಂದು ಮಾತು. ರೇಂಜಿನ ಮೇಲೆ ಪಾತ್ರೆ ಇಟ್ಟುಕೊಂಡೇ ಮುದ್ದೆ ಕೋಲಿನಿಂದ ಬಲವಾಗಿ ತಿರುವಿದರೆ ಪಾತ್ರೆಯ ಕೆಳಗಿನ ಕಂಬಿಗಳು ಜಾರುತ್ತವೆ, ಇಡೀ ರೇಂಜು ಅಲುಗಾಡಿ ಹಿಂದಿನ ಪೈಪಿನ ಜೋಡಣೆಗೆ ಜಗ್ಗಾಟ ತಾಗುತ್ತದೆ. ಪಾತ್ರೆಯನ್ನು ಕೆಳಗಿಳಿಸಿ ತಿರುವುವುದೇ ಸರಿ. ಗಾಜಿನ ಮುಚ್ಚಳವಿರುವ ಮಾದರಿಗಳಲ್ಲಿ ಬರ್ನರುಗಳು ಪೂರ್ತಿ ತಣಿಯುವ ಮುನ್ನ ಅದನ್ನು ಮುಚ್ಚಿದರೆ ಗಾಜು ಸಿಡಿಯಬಹುದು. ಓವನ್ನಿನ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿದರೆ ಉರಿಗೆ ಗಾಳಿ ಹೋಗುವ ತೂತುಗಳು ಮುಚ್ಚಿಹೋಗುತ್ತವೆ. ಮಲೆನಾಡಿನಲ್ಲಿ ಮಳೆಗಾಲದ ಇರಚಲಿಗೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಗಂಟೆಗಟ್ಟಲೆ ಓವನ್ ಉರಿಸುವವರು ಒಂದು ಕಿಟಕಿಯನ್ನಾದರೂ ತೆರೆದಿಡಬೇಕು, ಮತ್ತು ಚಳಿ ಕಾಯಿಸಲು ಓವನ್ನಿನ ಬಾಗಿಲು ತೆರೆದು ಕೂರಲೇಬಾರದು.

ಐದು ವರ್ಷಕ್ಕೊಮ್ಮೆ ಏಜೆನ್ಸಿಯವರು ಕಡ್ಡಾಯ ತಪಾಸಣೆಗೆ ಬರುವ ದಿನ ರೇಂಜನ್ನು ಮೊದಲೇ ಮುಂದಕ್ಕೆ ಎಳೆದಿಡುವುದು ಒಳ್ಳೆಯದು. ಅದನ್ನು ಸರಿಸದಿದ್ದರೆ ಬಂದವರು ಬರ್ನರು, ರೆಗ್ಯುಲೇಟರುಗಳನ್ನಷ್ಟೇ ನೋಡಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಹಿಂಬದಿಯಲ್ಲಿ ಬಿದ್ದ ಕಾಳುಕಡ್ಡಿಗೆ ಇಲಿಗಳು ಬರುತ್ತವೆ, ಬಂದ ಇಲಿ ಪೈಪನ್ನೂ ಕಡಿಯುತ್ತದೆ. ಹಬ್ಬಕ್ಕೆ ಮನೆ ತೊಳೆಯುವಾಗಲೆಲ್ಲ ರೆಗ್ಯುಲೇಟರ್ ಬಂದು ಮಾಡಿ, ಇಬ್ಬರು ಸೇರಿ ಪೈಪು ಜಗ್ಗದಷ್ಟು ಮಾತ್ರ ರೇಂಜನ್ನು ಸರಿಸಿ ಗುಡಿಸಬೇಕು.

ಗ್ಯಾಸಿಗೆ ತನ್ನದೇ ವಾಸನೆಯಿಲ್ಲ, ನಮ್ಮ ಮೂಗಿಗೆ ಬರುವುದು ಅದಕ್ಕೆ ಬೆರೆಸಿದ ಈಥೈಲ್ ಮರ್‌ಕ್ಯಾಪ್ಟನ್ನಿನ ನಾತ. ವಯಸ್ಸಾದವರಿಗೂ ನೆಗಡಿಯಾದವರಿಗೂ ಅದು ತಿಳಿಯದೆ ಹೋಗಬಹುದಾದ್ದರಿಂದ ಗ್ಯಾಸ್ ಸೋರಿಕೆಯ ಅಲಾರಂ ಇಡುವುದು ಲೇಸು. ಸಿಲಿಂಡರ್ ಗ್ಯಾಸ್ ಆದರೆ ಅದನ್ನು ನೆಲದ ಹತ್ತಿರ, ಕೊಳವೆಯ ನೈಸರ್ಗಿಕ ಅನಿಲವಾದರೆ ಅದು ಗಾಳಿಗಿಂತ ಹಗುರವಾದ್ದರಿಂದ ಸೂರಿನ ಹತ್ತಿರ ಕೂರಿಸಬೇಕು. ವಾಸನೆ ಬಂದಾಗ ಲೈಟಿನ ಸ್ವಿಚ್ಚನ್ನಾಗಲಿ ಎಗ್ಸಾಸ್ಟ್ ಫ್ಯಾನನ್ನಾಗಲಿ ಹಾಕಲೂಬಾರದು, ತೆಗೆಯಲೂಬಾರದು. ಅಡುಗೆಮನೆಯಲ್ಲೇ ದೇವರ ಗೂಡಿರುವ ಮನೆಗಳಲ್ಲಿ ದೀಪವನ್ನೂ ಊದುಬತ್ತಿಯನ್ನೂ ಆರಿಸಬೇಕು, ಎಲ್ಲ ನಾಬುಗಳನ್ನೂ ರೆಗ್ಯುಲೇಟರನ್ನೂ ಬಂದು ಮಾಡಿ, ಬಾಗಿಲು ಕಿಟಕಿಗಳನ್ನು ತೆರೆದು, ಮಕ್ಕಳನ್ನೂ ಹಿರಿಯರನ್ನೂ ಹೊರಗೆ ಕಳಿಸಬೇಕು. ರೆಗ್ಯುಲೇಟರ್ ಬಂದಾದ ಮೇಲೂ ಸಿಲಿಂಡರಿನಿಂದಲೇ ಸೋರುತ್ತಿದ್ದರೆ ರೆಗ್ಯುಲೇಟರನ್ನು ಕಳಚಿ, ದಾರದಲ್ಲಿ ಕಟ್ಟಿರುವ ಪ್ಲಾಸ್ಟಿಕ್ ಮುಚ್ಚಳವನ್ನು ವಾಲ್ವಿಗೆ ಒತ್ತಿ ಕೂರಿಸಬೇಕು. ಫೋನನ್ನು ಮನೆಯಿಂದ ದೂರ ಹೋಗಿಯೇ ಬಳಸಬೇಕು. ಸಿಲಿಂಡರ್ ಗ್ಯಾಸ್ ಸೋರಿಕೆಗೆ ಹಗಲೂ ರಾತ್ರಿಯೂ ಕರೆಯಬಹುದಾದ ಸಹಾಯವಾಣಿ 1906. ಮೆಕ್ಯಾನಿಕ್ ಬಂದು, ರೇಂಜನ್ನು ಗೋಡೆಯಿಂದ ಈಚೆಗೆ ಎಳೆದು, ಪ್ರತಿ ಜೋಡಣೆಯನ್ನೂ ಸಾಬೂನಿನ ನೀರಿನಲ್ಲಿ ನೋಡಿ ಸರಿಯಿದೆಯೆಂದು ಹೇಳುವವರೆಗೆ ಒಲೆಯನ್ನು ಹೊತ್ತಿಸಬಾರದು.