ತೋರ್ನಬೂವೊನಿ ಬೀದಿಯಲ್ಲಿ ಏನು ಕೊಂಡಿರಿ?

ಇಟಲಿಯ ಫ್ಲಾರೆನ್ಸಿನಿಂದ ಬಂದ ಮೇಲೆ ಮೈಕೆಲಾಂಜೆಲೊ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ. "ವಿಯಾ ದೆ ತೋರ್ನಬೂವೊನಿಗೆ ಹೋಗಿದ್ದಿರಂತೆ, ಏನು ಕೊಂಡಿರಿ?" ಎಂದೇ ಎಲ್ಲರೂ ಕೇಳಿದರು. ನಾದಿನಿಯಂತೂ ಮೊಬೈಲಿನಲ್ಲಿ ಚಿತ್ರಗಳನ್ನು ಸರಿಸಿ ಸರಿಸಿ ನೋಡಿ, "ಅತ್ತಿಗೆ, ಇದರಲ್ಲಿ ಬರೀ ಗೋಡೆಗಳೇ ಇವೆಯಲ್ಲ! ಅಷ್ಟು ದೂರ ಹೋಗಿ ಒಂದು ಜೊತೆ ಚಪ್ಪಲಿಯನ್ನೂ ತರಲಿಲ್ಲವೇ?" ಎಂದು ನಿಜಕ್ಕೂ ಬೇಸರ ಮಾಡಿಕೊಂಡಳು. ಗುಚಿ, ಫೆರಗಾಮೊದಂಥ ದುಬಾರಿ ಬ್ರ್ಯಾಂಡುಗಳ ಹೆಸರು ಕೇಳಿದವರಿಗೆಲ್ಲ ಈ ಬೀದಿಯ ಹೆಸರೂ ಗೊತ್ತಿರುತ್ತದೆ. ಎರಡು ದಿನ ಬೆಳಿಗ್ಗೆ ಸಂಜೆ ಅಲ್ಲಿ ಅಡ್ಡಾಡಿಯೂ ಬರಿಗೈಯಲ್ಲಿ ಬಂದೆನೆಂದರೆ ಯಾರೂ ನಂಬುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿ, ಪೂರ್ತಿ ಕಥೆಯನ್ನು ಇಲ್ಲಿ ಬರೆದಿದ್ದೇನೆ.

ಬೀದಿ ಉದ್ದವೇನಿಲ್ಲ. ಆಂತಿನೋರಿ ಚೌಕದಲ್ಲಿ ಹೊರಟು ನಿಧಾನವಾಗಿ ನಡೆದರೂ ಹತ್ತು ನಿಮಿಷದೊಳಗೆ ಆರ್ನೊ ನದಿಯ ಸಾಂತಾ ತ್ರಿನಿತಾ ಸೇತುವೆ ಸಿಗುತ್ತದೆ. ರೋಮನ್ನರ ಕಾಲದಲ್ಲಿ ಊರಿನ ಪಶ್ಚಿಮದ ಕೋಟೆಗೋಡೆ ಇದ್ದದ್ದು ಇಲ್ಲೇ. ಮುಂದೆ ಅದರ ಹೊರಗಿನ ಕಂದಕದಲ್ಲಿ ಮುನ್ಯೋನೆ ಎಂಬ ಹೊಳೆ ಹರಿಯುತ್ತಿತ್ತು. ಈಗಿನ ಹೆಸರು ಬಂದದ್ದು ಒಂದು ಮನೆತನದಿಂದ. ಅದರ ಹಿಂದೆ ಸಣ್ಣದೊಂದು ರಾಜಕೀಯವಿದೆ. ಫ್ಲಾರೆನ್ಸಿನಲ್ಲಿ ಹಳೆಯ ಶ್ರೀಮಂತ ಕುಲದವರಿಗೆ ನಗರಾಡಳಿತದ ಹುದ್ದೆಗಳು ಸಿಗದಂತೆ ಕಾನೂನಿತ್ತು. ತೋರ್ನಕ್ವಿಂಚಿ ಕುಲದ ಒಂದು ಕವಲಿನವರು ಹಳೆಯ ಹೆಸರನ್ನೇ ಬಿಟ್ಟು, ತೋರ್ನಬೂವೊನಿ ಎಂದು ಕರೆಸಿಕೊಂಡು ಸಾಮಾನ್ಯರ ಸಾಲಿಗೆ ಸೇರಿಬಿಟ್ಟರು. ಹುದ್ದೆ ಸಿಗುತ್ತದೆಂದರೆ ಒಂದು ಮೆಟ್ಟಿಲು ಕೆಳಗಿಳಿಯಲು ಸಿದ್ಧರಾಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಅದೇ ಮನೆಯ ಮಗಳು ಲುಕ್ರೇತ್ಸಿಯಾ ಮುಂದೆ, ಊರನ್ನೇ ಕೈಯಲ್ಲಿಟ್ಟುಕೊಂಡಿದ್ದ ಬ್ಯಾಂಕರ್ ಮನೆತನವಾದ ಮೆದಿಚಿಗಳ ಸೊಸೆಯಾಗಿ, ಪ್ರಸಿದ್ಧ ಲೊರೆಂತ್ಸೊನ ತಾಯಿಯಾದಳು.

ನಾದಿನಿ ಹೇಳಿದ ಆ "ಗೋಡೆ" ಸ್ತ್ರೋತ್ಸಿ ಮನೆಯದು. ನನ್ನ ಎರಡು ದಿನಗಳಲ್ಲಿ ಅರ್ಧದಷ್ಟನ್ನು ತಿಂದದ್ದೂ ಅದೇ. 1434ರಲ್ಲಿ ಮೆದಿಚಿಗಳ ಕೈ ಮೇಲಾದಾಗ ಸ್ತ್ರೋತ್ಸಿಗಳು ಊರು ಬಿಡಬೇಕಾಯಿತು. ಫಿಲಿಪ್ಪೊ ಸ್ತ್ರೋತ್ಸಿ ನೇಪಲ್ಸಿನಲ್ಲಿ ಬ್ಯಾಂಕು ನಡೆಸಿ ಹೇರಳವಾಗಿ ಗಳಿಸಿ, 1466ರಲ್ಲಿ ಊರಿಗೆ ಮರಳಿದ. ಮೆದಿಚಿಗಳಿಗೆ ಸರಿಸಾಟಿಯಾದ ಮನೆ ಕಟ್ಟಬೇಕು, ಆದರೆ ಮೆದಿಚಿಗಳ ಕಣ್ಣು ಕೆಂಪಾಗಬಾರದು. ಅವನು ಹೂಡಿದ ಉಪಾಯವನ್ನು ಅವನ ಮಗನೇ ಬರೆದಿಟ್ಟಿದ್ದಾನೆ. ತನಗೆ ದೊಡ್ಡ ಮನೆಯ ಆಸೆಯೇನೂ ಇಲ್ಲ, ಮಕ್ಕಳಿಗೆ ಬಾಡಿಗೆ ಬರುವಂತೆ ಬೀದಿಗೆ ಸಾಲಾಗಿ ಅಂಗಡಿ ಮಳಿಗೆಗಳನ್ನು ಕಟ್ಟಿಸಿದರೆ ಸಾಕು ಎಂದು ಫಿಲಿಪ್ಪೊ ಎಲ್ಲರೆದುರು ಹೇಳುತ್ತ ಬಂದನಂತೆ. ಲೊರೆಂತ್ಸೊ ಮೆದಿಚಿಗೆ ಇದು ಹಿಡಿಸಲಿಲ್ಲ. ಇಂಥ ಜಾಗದಲ್ಲಿ ಮಳಿಗೆಗಳೇ, ಅಸಹ್ಯ, ಘನವಾದ ಮನೆಯನ್ನೇ ಕಟ್ಟಿಸು ಎಂದು ಅವನೇ ಒತ್ತಾಯಿಸಿದನಂತೆ. ಫಿಲಿಪ್ಪೊ ಬಹಳ ಕಷ್ಟಪಟ್ಟು ಒಪ್ಪಿಕೊಂಡ.

ಹೀಗಾಗಿ ಇಟಲಿಯ ಅತಿ ದುಬಾರಿ ಅಂಗಡಿ ಬೀದಿಗಳಲ್ಲೊಂದರ ಅತಿ ದೊಡ್ಡ ಕಟ್ಟಡ ಮಳಿಗೆಗಳನ್ನು ಬೇಡವೆಂದು ಎದ್ದು ನಿಂತದ್ದು. ನನ್ನ ಚಿತ್ರಗಳಲ್ಲಿ ಬರೀ ಗೋಡೆ ಕಾಣುವುದಕ್ಕೂ ಇದೇ ಕಾರಣ. ಕೆಳ ಅಂತಸ್ತಿನಲ್ಲಿ ಬಾಗಿಲುಗಳನ್ನು ಬಿಟ್ಟರೆ, ಕೈಗೆಟುಕದ ಎತ್ತರದಲ್ಲಿ ಚಿಕ್ಕ ಚಿಕ್ಕ ಕಿಟಕಿಗಳು, ಅಷ್ಟೇ. ಮಿಕ್ಕದ್ದೆಲ್ಲ ಪಿಯೆತ್ರಾಫೋರ್ತೆ ಎಂಬ ಕಂದುಹಳದಿ ಮರಳುಗಲ್ಲು. ಒಂದೊಂದು ಕಲ್ಲನ್ನೂ ಅಂಚು ಒತ್ತಿ, ನಡುವೆ ಉಬ್ಬುವಂತೆ ಕಡೆದಿದ್ದಾರೆ. ಹತ್ತಿರ ನಿಂತು ನೋಡಿದರೆ ದಿಂಬುಗಳನ್ನು ಸಾಲಾಗಿ ಜೋಡಿಸಿಟ್ಟಂತಿದೆ. ಅಂಗೈ ಇಟ್ಟರೆ ಒರಟು. ಸಂಜೆಯ ಇಳಿಬಿಸಿಲಿನಲ್ಲಿ ಪ್ರತಿ ಉಬ್ಬಿನ ಕೆಳಗೂ ಒಂದು ನೆರಳಿನ ಗೆರೆ ಮೂಡಿ, ಇಡೀ ಗೋಡೆ ಉಸಿರು ಎಳೆದುಕೊಂಡಂತೆ ಕಾಣುತ್ತದೆ. ಮೇಲೆ ಹೋದಂತೆ ಉಬ್ಬು ಸ್ವಲ್ಪ ಸ್ವಲ್ಪವೇ ತಗ್ಗುತ್ತದೆ. ತುತ್ತತುದಿಯಲ್ಲಿ ಕ್ರೋನಕ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಭಾರಿ ಸೂರು ಮುಂದಕ್ಕೆ ಚಾಚಿಕೊಂಡಿದೆ. ಅದು ಇಂದಿಗೂ ಪೂರ್ತಿಯಾಗಿಲ್ಲ. ಒಂದು ಕಡೆ ಹಾಗೇ ನಿಂತುಬಿಟ್ಟಿದೆ.

ಪಾಯ ಹಾಕಿದ್ದು 1489ರ ಆಗಸ್ಟ್ 6ರಂದು, ಜ್ಯೋತಿಷಿಗಳನ್ನು ಕೇಳಿ ಇಡಿಸಿದ ಮುಹೂರ್ತದಲ್ಲಿ, ಸೂರ್ಯ ಮೂಡುವ ಹೊತ್ತಿಗೆ. (ನಮ್ಮಲ್ಲಿ ಗುದ್ದಲಿ ಪೂಜೆಯನ್ನು ನೋಡಿ ನಗುವವರು ಇದನ್ನೂ ಓದಲಿ.) ಆ ದಿನ ತ್ರಿಬಾಲ್ದೊ ದೆ ರೊಸ್ಸಿ ಎಂಬ ನಾಗರಿಕನೊಬ್ಬ, ಈ ದಿನ ನೆನಪಿರಲಿ ಎಂದು ತನ್ನ ಪುಟ್ಟ ಮಗನನ್ನು ಕರೆತಂದು, ಎತ್ತಿ ಹಿಡಿದು ಗುಂಡಿಯ ಆಳ ತೋರಿಸಿ, ಅವನ ಕೈಯಿಂದ ಒಂದು ಕಾಸನ್ನೂ ಒಂದು ಗೊಂಚಲು ಗುಲಾಬಿಯನ್ನೂ ಪಾಯದೊಳಗೆ ಹಾಕಿಸಿದ. ಎದುರು ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಲೂಕಾ ಲಾಂಡೂಚಿಗೆ ಈ ಸಂಭ್ರಮವೆಲ್ಲ ತಲೆನೋವಾಯಿತು. ಕಲ್ಲುಮಣ್ಣಿನ ರಾಶಿ, ಹೇಸರಗತ್ತೆಗಳ ಸಾಲು, ನೋಡಲು ಮುತ್ತುವ ಜನ, ಧೂಳು. ನಾವು ವ್ಯಾಪಾರ ಮಾಡುವುದು ಹೇಗೆ ಎಂದು ದಿನಚರಿಯಲ್ಲಿ ಗೊಣಗಿದ್ದಾನೆ. ಐನೂರು ವರ್ಷ ಕಳೆದರೂ ಆ ಗೊಣಗು ಹಳತಾಗಿಲ್ಲ. ನಮ್ಮ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆದಾಗ ಮೂಲೆಯ ಔಷಧಿ ಅಂಗಡಿಯವರು ಆಡಿದ ಮಾತೂ ಇದೇ. ಫಿಲಿಪ್ಪೊ ಎರಡೇ ವರ್ಷಕ್ಕೆ, 1491ರಲ್ಲಿ, ತೀರಿಕೊಂಡ. ಮನೆ ಒಂದು ಹಂತಕ್ಕೆ ಬಂದದ್ದು 1538ರಲ್ಲಿ. ಅದೇ ವರ್ಷ ಮೆದಿಚಿ ಡ್ಯೂಕ್ ಅದನ್ನು ಮುಟ್ಟುಗೋಲು ಹಾಕಿಕೊಂಡ. ಮನೆತನಕ್ಕೆ ವಾಪಸು ಸಿಕ್ಕಿದ್ದು ಮೂವತ್ತು ವರ್ಷದ ಬಳಿಕ. ಈಗ ಅಲ್ಲಿ ಕಲಾ ಪ್ರದರ್ಶನಗಳು ನಡೆಯುತ್ತವೆ.

ಆ ಮನೆಯ ಮೂಲೆಗಳಲ್ಲಿ ತೂಗುವ ಮುಳ್ಳುಮುಳ್ಳಾದ ಕಬ್ಬಿಣದ ದೀಪಗೂಡುಗಳನ್ನು ಮಾಡಿದವನು ನಿಕ್ಕೊಲೊ ಗ್ರೋಸೊ ಎಂಬ ಕಮ್ಮಾರ. ಊರವರು ಅವನಿಗಿಟ್ಟ ಅಡ್ಡಹೆಸರು 'ಕಪಾರ್ರ', ಅಂದರೆ ಮುಂಗಡ. ಮುಂಗಡ ಹಣ ಕೈಗೆ ಬರದೆ ಅವನು ಸುತ್ತಿಗೆ ಎತ್ತುತ್ತಿರಲಿಲ್ಲ. ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುವ ಪ್ರಕಾರ, ಅವನ ಅಂಗಡಿಯ ಮೇಲೆ ಉರಿಯುತ್ತಿರುವ ಲೆಕ್ಕದ ಪುಸ್ತಕಗಳ ಫಲಕವಿತ್ತು. ಯಾರಾದರೂ ಸಾಲ ಹೇಳಿದರೆ, "ನೋಡಿ, ಪುಸ್ತಕ ಸುಟ್ಟುಹೋಗುತ್ತಿದೆ, ಎಲ್ಲಿ ಬರೆದುಕೊಳ್ಳಲಿ?" ಎನ್ನುತ್ತಿದ್ದನಂತೆ. 'ಇಂದು ನಗದು, ನಾಳೆ ಉದ್ರಿ' ಎಂಬ ನಮ್ಮ ಕಿರಾಣಿ ಅಂಗಡಿಯ ಫಲಕಕ್ಕಿಂತ ಇದು ಒಂದು ಕೈ ಮೇಲು. ಸ್ವತಃ ಲೊರೆಂತ್ಸೊ ಮೆದಿಚಿ ಕೆಲಸ ಹೇಳಿದಾಗಲೂ, ಮೊದಲು ಮುಂಗಡ ಕೊಟ್ಟ ಬಡವರ ಕೆಲಸ ಮುಗಿಯಲಿ ಎಂದು ಕಾಯಿಸಿದನಂತೆ. ಇಡೀ ಬೀದಿಯಲ್ಲಿ ನನಗೆ ಅತಿ ಇಷ್ಟವಾದ ವ್ಯಾಪಾರಿ ಇವನೇ.

ಸ್ತ್ರೋತ್ಸಿ ಮನೆಯ ಬುಡದಲ್ಲಿ ಗೋಡೆಗೆ ಅಂಟಿಕೊಂಡಂತೆ ಉದ್ದಕ್ಕೂ ಕಲ್ಲಿನ ಕಟ್ಟೆಯಿದೆ. ಜಗಲಿ ಎನ್ನಲೇ ಎಂದು ಯೋಚಿಸಿದೆ. ನಮ್ಮ ಜಗಲಿಗೆ ಮಾಡು ಇರುತ್ತದೆ, ಇದಕ್ಕಿಲ್ಲ. ಕೆಲಸ ಮಾತ್ರ ಒಂದೇ: ದಾರಿಹೋಕರು ಕೂರುವುದು, ಊರ ಸುದ್ದಿ ಆಡುವುದು. ಹಳೆಯ ಫ್ಲಾರೆನ್ಸಿನ ದೊಡ್ಡ ಮನೆಗಳಿಗೆ ಇಂಥ ಕಟ್ಟೆ ಇರುವುದು ಘನತೆಯ ಗುರುತು. ಬೀದಿಯ ಆ ತುದಿಯ ಸ್ಪಿನಿ ಮನೆಯ ಕಟ್ಟೆಯಲ್ಲಿ ಒಮ್ಮೆ ಗಣ್ಯರ ಗುಂಪೊಂದು ಮಹಾಕವಿ ದಾಂತೆಯ ಕೆಲವು ಸಾಲುಗಳ ಅರ್ಥಕ್ಕೆ ತಲೆ ಕೆಡಿಸಿಕೊಂಡು ಕುಳಿತಿತ್ತಂತೆ. ಲಿಯೊನಾರ್ಡೊ ಆ ದಾರಿಯಲ್ಲಿ ಬಂದ, ಅವನನ್ನು ಕೇಳಿದರು. ಅಷ್ಟರಲ್ಲಿ ಮೈಕೆಲಾಂಜೆಲೊ ಕೂಡ ಬಂದ. "ಇಗೋ, ಇವನೇ ವಿವರಿಸುತ್ತಾನೆ" ಎಂದ ಲಿಯೊನಾರ್ಡೊ. ತನ್ನನ್ನು ಗೇಲಿ ಮಾಡಿದನೆಂದು ಮೈಕೆಲಾಂಜೆಲೊಗೆ ಸಿಟ್ಟು ನೆತ್ತಿಗೇರಿತು. ಕಂಚಿನ ಕುದುರೆಯ ನಕ್ಷೆ ಬರೆದು, ಎರಕ ಹೊಯ್ಯಲಾಗದೆ ನಾಚಿಕೆಯಿಂದ ಕೈಬಿಟ್ಟವನು ನೀನು, ನೀನೇ ವಿವರಿಸು ಎಂದು ಹೇಳಿ ಬೆನ್ನು ತಿರುಗಿಸಿ ಹೋದ. ಲಿಯೊನಾರ್ಡೊ ಮುಖ ಕೆಂಪಗೆ ಮಾಡಿಕೊಂಡು ಅಲ್ಲೇ ನಿಂತ. ಹದಿನಾರನೆಯ ಶತಮಾನದ ಅನಾಮಧೇಯನೊಬ್ಬನ ಬರಹದಲ್ಲಿ ಉಳಿದಿರುವ ಕಥೆ ಇದು. ಕಟ್ಟೆಯ ಮೇಲಿನ ಜಗಳ ಇಬ್ಬರು ಮಹಾ ಕಲಾವಿದರದ್ದಾದರೂ ಕಟ್ಟೆಯ ಜಗಳವೇ.

ಸಾಂತಾ ತ್ರಿನಿತಾ ಚೌಕದ ಬಾರ್ತೊಲಿನಿ ಸಾಲಿಂಬೆನಿ ಮನೆಯೂ ಜಗಳಗಂಟಿ. 1520ರಿಂದ 1523ರ ನಡುವೆ ಬಾಚೊ ದಾನ್ಯೊಲೊ ಅದನ್ನು ರೋಮಿನ ಹೊಸ ಶೈಲಿಯಲ್ಲಿ ಕಟ್ಟಿದಾಗ ಊರು ನಕ್ಕಿತು. ಬಾಗಿಲಿಗೆ ಕಂಬ, ಕಿಟಕಿಗಳ ಮೇಲೆ ತ್ರಿಕೋನದ ನೆತ್ತಿ: ಇದು ಮನೆಯೋ ಇಗರ್ಜಿಯೋ ಎಂದು ಹಬ್ಬದ ಹಸಿರು ಮಾಲೆಗಳನ್ನು ತಂದು ತೂಗುಹಾಕಿದರಂತೆ. ಅದಕ್ಕೆ ಕೊಟ್ಟ ಉತ್ತರವು ಬಾಗಿಲ ಮೇಲೆ ಲ್ಯಾಟಿನ್ನಿನಲ್ಲಿ ಇನ್ನೂ ಇದೆ: ಅನುಕರಿಸುವುದಕ್ಕಿಂತ ಹಳಿಯುವುದು ಸುಲಭ. ಕಿಟಕಿಗಳಲ್ಲಿ 'ಪೆರ್ ನೊನ್ ದೊರ್ಮಿರೆ' ಎಂಬ ಕೆತ್ತನೆ, 'ನಿದ್ದೆ ಹೋಗದಿರಲೆಂದು'. ಮನೆತನದ ಲಾಂಛನ ಮಾತ್ರ ಗಸಗಸೆ ಕಾಯಿ! ಪೈಪೋಟಿಯ ವರ್ತಕರಿಗೆ ಊಟದಲ್ಲಿ ಅಫೀಮು ಬೆರೆಸಿ ಮಲಗಿಸಿ, ಬೆಳಗಿನ ಸರಕನ್ನೆಲ್ಲ ಬಾರ್ತೊಲಿನಿಯೊಬ್ಬನೇ ಕೊಂಡನೆಂಬ ದಂತಕಥೆಯೂ ಇದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಇನ್ನು ಚಪ್ಪಲಿಯ ವಿಷಯ. ಆ ಕಟ್ಟೆಯಿದ್ದ ಸ್ಪಿನಿ ಮನೆಯನ್ನು 1289ರಲ್ಲಿ ಕಟ್ಟಿಸತೊಡಗಿದವನು ಪೋಪ್ ಎಂಟನೆಯ ಬೊನಿಫೇಸ್‌ಗೆ ಬ್ಯಾಂಕರ್ ಆಗಿದ್ದ ಜೇರಿ ಸ್ಪಿನಿ. ಕೋಟೆಯಂತೆ ತಲೆಯ ಮೇಲೆ ಹಲ್ಲುಹಲ್ಲಾದ ಕಂಡಿಗಳು. 1865ರಿಂದ 1871ರವರೆಗೆ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿದ್ದಾಗ ಇದೇ ನಗರಸಭೆ. 1938ರಲ್ಲಿ ಇದನ್ನು ಕೊಂಡವನು ಸಾಲ್ವತೋರೆ ಫೆರಗಾಮೊ, ದಕ್ಷಿಣದ ಬೊನಿತೊ ಎಂಬ ಹಳ್ಳಿಯ ಹುಡುಗ. ಅಮೆರಿಕಕ್ಕೆ ಹೋಗಿ ಹಾಲಿವುಡ್ ತಾರೆಯರಿಗೆ ಪಾದರಕ್ಷೆ ಮಾಡಿ 1927ರಲ್ಲಿ ಫ್ಲಾರೆನ್ಸಿಗೆ ಬಂದು ನೆಲೆಸಿದವನು. ಇಥಿಯೋಪಿಯಾದ ಮೇಲೆ ಇಟಲಿ ದಂಡೆತ್ತಿ ಹೋಗಿ ನಿರ್ಬಂಧಗಳು ಬಿದ್ದಾಗ ಪಾದದ ಕಮಾನಿಗೆ ಆಧಾರವಾಗಿಡುವ ಒಳ್ಳೆಯ ಉಕ್ಕು ಸಿಗದಾಯಿತು. ಹಿಮ್ಮಡಿಯಿಂದ ಅಂಗಾಲಿನ ಮುಂಭಾಗದವರೆಗಿನ ಸಂದನ್ನು ಅವನು ಬಾಟಲಿಯ ಬಿರಡೆ ಮಾಡುವ ಕಾರ್ಕ್ ಮರದ ತೊಗಟೆಯಿಂದ ತುಂಬಿಬಿಟ್ಟ. ನಾವೆಲ್ಲ 'ವೆಡ್ಜ್ ಹೀಲ್ಸ್' ಎಂದು ಹಾಕಿಕೊಳ್ಳುವುದರ ಮೂಲ ಅದೇ. ಅವನ ಗಿರಾಕಿಗಳಲ್ಲಿ ನಮ್ಮ ಕೂಚ್ ಬೆಹಾರಿನ ಮಹಾರಾಣಿ ಇಂದಿರಾ ದೇವಿಯೂ ಇದ್ದರು. ಒಮ್ಮೆಗೇ ನೂರು ಜೊತೆಗೆ ಬೇಡಿಕೆ ಕೊಟ್ಟು, ಕೆಲವಕ್ಕೆ ಕೂರಿಸಲು ವಜ್ರ ಮುತ್ತುಗಳನ್ನು ತಮ್ಮ ಸಂಗ್ರಹದಿಂದಲೇ ಕಳುಹಿಸಿದವರು. ಇದನ್ನು ಹೇಳಿದ ಮೇಲೆ ನಾದಿನಿಯ ಬೇಸರ ಇಮ್ಮಡಿಯಾಯಿತು.

ಬ್ರ್ಯಾಂಡುಗಳು ಬಂದು ಬೀದಿ ಕೆಟ್ಟಿತೆಂದು ಹಲುಬುವವರ ಜೊತೆ ನಾನು ಅರ್ಧ ಮಾತ್ರ ಸೇರುತ್ತೇನೆ. ಹಳೆಯ ಡೋನಿ ಕೆಫೆ, ಸೀಬರ್ ಪುಸ್ತಕದಂಗಡಿ ಈಗಿಲ್ಲ, ಅದು ನಷ್ಟವೇ. ಆದರೆ ಈ ಕಲ್ಲುಗಳೆಲ್ಲ ಉಣ್ಣೆ ಮಾರಿ, ಬಡ್ಡಿ ಎಣಿಸಿ ಎದ್ದವು. ಆಡಂಬರ ಇಲ್ಲಿ ಹೊಸ ಬಾಡಿಗೆದಾರನೇನಲ್ಲ.

ಖರ್ಚೇ ಮಾಡಲಿಲ್ಲವೇ ಎಂದರೆ, ಮಾಡಿದೆ. ಚೌಕದಲ್ಲಿ ಸಾಂತಾ ತ್ರಿನಿತಾ ಇಗರ್ಜಿಯಿದೆ. ಒಳಗೆ ಬಲಕ್ಕೆ, ಮೆದಿಚಿ ಬ್ಯಾಂಕಿನ ಮೇಲಧಿಕಾರಿ ಫ್ರಾಂಚೆಸ್ಕೊ ಸಸ್ಸೆತ್ತಿಗಾಗಿ ಗಿರ್ಲಾಂದಾಯೊ 1480ರ ದಶಕದಲ್ಲಿ ಚಿತ್ರ ಬರೆದ ಗರ್ಭಗುಡಿಯಂಥ ಸಣ್ಣ ಕೋಣೆ. ನಾನು ಹೋದಾಗ ಕತ್ತಲು. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ. ಹಾಕಿದೆ. ಸಂತ ಫ್ರಾನ್ಸಿಸ್ ಸತ್ತ ಮಗುವನ್ನು ಬದುಕಿಸುವ ಪವಾಡ. ಕಥೆಯ ಪ್ರಕಾರ ಅದು ನಡೆದದ್ದು ರೋಮಿನಲ್ಲಿ; ಗಿರ್ಲಾಂದಾಯೊ ತಂದಿಟ್ಟದ್ದು ನಾನು ಆಗಷ್ಟೇ ದಾಟಿಬಂದ ಚೌಕಕ್ಕೆ. ಎಡಕ್ಕೆ ಸ್ಪಿನಿ ಮನೆ, ಬಲಕ್ಕೆ ಇದೇ ಇಗರ್ಜಿಯ ಹಳೆಯ ಮುಖ, ಹಿಂದೆ ಹಳೆಯ ಸೇತುವೆ. ಅದರ ಜಾಗದಲ್ಲಿ ಅಮ್ಮನ್ನಾತಿ ಕಟ್ಟಿದ ಸುಂದರ ಸೇತುವೆಯನ್ನು 1944ರ ಆಗಸ್ಟಿನಲ್ಲಿ ಜರ್ಮನ್ ಸೇನೆ ಸಿಡಿಸಿತು. ನದಿಯಿಂದ ಕಲ್ಲುಗಳನ್ನು ಎತ್ತಿ ಮತ್ತೆ ಕಟ್ಟಿದರು. ಸ್ಪಿನಿ ಮನೆಯ ಮೇಲಿನ ಕಿಟಕಿಯಿಂದ ಮಗು ತಲೆಕೆಳಗಾಗಿ ಬೀಳುತ್ತಿದೆ. ಮುಂದೆ ಅದೇ ಮಗು ಶವಮಂಚದ ಮೇಲೆ ಎದ್ದು ಕುಳಿತಿದೆ. ಸುತ್ತ ನಿಂತವರು ಆ ಕಾಲದ ಫ್ಲಾರೆನ್ಸಿನವರು, ಒಳ್ಳೆಯ ಬಟ್ಟೆ ಉಟ್ಟವರು. ಅವರ ಕಾಲಲ್ಲಿ ಎಂಥ ಪಾದರಕ್ಷೆಗಳಿವೆ ಎಂದು ಬಗ್ಗಿ ನೋಡುವಷ್ಟರಲ್ಲಿ ದೀಪ ಆರಿತು. ಕೈಚೀಲದಲ್ಲಿ ಇನ್ನೊಂದು ನಾಣ್ಯ ಹುಡುಕಿದೆ.