ಮೀನಿನ ತೊಟ್ಟಿಯ ಹಸಿರು ಹನಿ: ನಾಲ್ಕು ವಾರಗಳ ಟಿಪ್ಪಣಿ

ಮೊದಲ ವಾರ

ತೊಟ್ಟಿಯ ಗಿಡಗಳಿಗೆಂದು ಸಕ್ಕರೆ, ಯೀಸ್ಟ್ ಬೆರೆಸಿದ ಬಾಟಲಿಯಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದೇನೆ. ಗಿಡಗಳೇನೋ ಚಿಗುರಿವೆ, ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಅಳತೆಯಿಲ್ಲದೆ ಇನ್ನು ನಡೆಯದು. ಈ ಅನಿಲ ಕರಗಿದಷ್ಟೂ ನೀರು ಆಮ್ಲೀಯವಾಗುತ್ತದೆ; ಅದನ್ನು ಬಣ್ಣ ಬದಲಿಸಿ ತೋರಿಸುವ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕ ತರಿಸಿದೆ.

ಹೆಸರಿನಲ್ಲಿ ನೀಲಿ, ಡಬ್ಬಿಯಲ್ಲಿ ನಸುಗೆಂಪು ಪುಡಿ. ನೀರಿನಲ್ಲಿ ಸರಿಯಾಗಿ ಕರಗದು. ಆಲ್ಕೊಹಾಲ್‌ನಲ್ಲಿ, ತೆಳು ಕ್ಷಾರದಲ್ಲಿ ಕರಗುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) 6.0ಕ್ಕಿಂತ ಕೆಳಗೆ ಹಳದಿ, 7.6 ದಾಟಿದರೆ ನೀಲಿ, ನಡುವೆ ಹಸಿರು.

ಎರಡನೇ ವಾರ

ಪುಡಿ 0.1 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿ ಅಲುಗಲೇ ಇಲ್ಲ; ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆ. ಅದನ್ನು 16 ಮಿಲಿಲೀಟರ್ ತೀರ ತೆಳುವಾದ (0.01 ನಾರ್ಮಲ್) ಸೋಡಿಯಂ ಹೈಡ್ರಾಕ್ಸೈಡ್ ಕ್ಷಾರದಲ್ಲಿ ಕರಗಿಸಿ, ಬಟ್ಟಿ ಇಳಿಸಿದ ನೀರು ಸೇರಿಸಿ 250 ಮಿಲಿಲೀಟರ್ ಮಾಡಿದೆ.

ಪುಡಿಯನ್ನೇ ಮನೆಯಲ್ಲಿ ತಯಾರಿಸಬಾರದೇ ಎಂದು ಗೆಳೆಯನೊಬ್ಬ ಕೇಳಿದ. ಥೈಮಾಲ್ ಬ್ಲೂವನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಬ್ರೋಮಿನ್ ಹನಿಸುತ್ತಾರೆ. ಕಣ್ಣು, ಶ್ವಾಸಕೋಶ ಸುಡುವ ಆ ಕಂದು ಹೊಗೆ ಮನೆಯ ಹತ್ತಿರವೂ ಬೇಡ. ಆದರೆ ಬ್ರೋಮಿನ್ ಮಾಡುವ ಕೆಲಸ ಸೊಗಸಾದದ್ದು. ಓಂಕಾಳಿನ ಘಾಟಿಗೆ ಕಾರಣವಾದ ಥೈಮಾಲ್‌ನಿಂದ ಹುಟ್ಟಿದ ಥೈಮಾಲ್ ಬ್ಲೂ, ನೀಲಿಗೆ ತಿರುಗುವುದು ಪಿಎಚ್ 8.0ರಿಂದ 9.6ರ ನಡುವೆ, ಮೀನಿನ ನೀರಿಗೆ ಅದು ದೂರದ ಮಾತು. ಎರಡು ಬ್ರೋಮಿನ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆದುಕೊಂಡು, ಅಣು ತನ್ನ ಪ್ರೋಟಾನನ್ನು ಬೇಗ ಬಿಟ್ಟುಕೊಡುವಂತೆ ಮಾಡುತ್ತವೆ. ಬಣ್ಣದ ತಿರುವು ನೇರ ನನ್ನ ತೊಟ್ಟಿಯ ಮಟ್ಟಕ್ಕೆ ಇಳಿಯುತ್ತದೆ.

ಮೂರನೇ ವಾರ

ತಪ್ಪು ಮಾಡಿದೆ. ತೊಟ್ಟಿಯೊಳಗೆ ತೂಗುಬಿಡುವ ಗಾಜಿನ ಪುಟ್ಟ ಗಂಟೆಗೆ ಕೊಳವೆಬಾವಿಯ ನೀರನ್ನೇ ತುಂಬಿ ಬಣ್ಣ ಹನಿಸಿದೆ. ಮೀನುಗಳು ಏದುಸಿರು ಬಿಡುತ್ತಿದ್ದರೂ ಅದು ನೀಲಿಯಾಗಿಯೇ ಕುಳಿತಿತ್ತು. ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ನೀರಿನಲ್ಲಿ ಎಷ್ಟಿದೆ ಎಂದು ಗೊತ್ತಿಲ್ಲದಿದ್ದರೆ ಬಣ್ಣಕ್ಕೆ ಅರ್ಥವೇ ಇಲ್ಲ.

ಮತ್ತೆ ಅಕ್ಕಸಾಲಿಗರ ತಕ್ಕಡಿ. ಶುದ್ಧ ಸೋಡಿಯಂ ಬೈಕಾರ್ಬನೇಟ್ 1.2 ಗ್ರಾಂ, ಬಟ್ಟಿ ನೀರು ಒಂದು ಲೀಟರ್. ಅದರಲ್ಲಿ 100 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರಿಗೆ ತೆಳುವಾಗಿಸಿದರೆ ಕಾರ್ಬನೇಟ್ ಗಡಸುತನ (ಬೈಕಾರ್ಬನೇಟ್‌ನ ಅಳತೆ) ನಾಲ್ಕು ಡಿಗ್ರಿ. ಗಂಟೆಗೆ ತುಂಬಬೇಕಾದದ್ದು ಇದನ್ನೇ. ಈ ನೀರು ಪಿಎಚ್ 6.6ರಲ್ಲಿ ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಅನಿಲವಿದೆ ಎಂದರ್ಥ. ತೊಟ್ಟಿಯ ನೀರು ಗಂಟೆಯೊಳಗಿನ ನೀರಿಗೆ ಸೇರುವುದಿಲ್ಲ. ನಡುವಿನ ಗಾಳಿಯ ಮೂಲಕ ಅನಿಲ ಮಾತ್ರ ದಾಟುತ್ತದೆ. ಹಾಗಾಗಿ ಬಣ್ಣ ಒಂದೆರಡು ಗಂಟೆ ಹಿಂದಿನ ಸುದ್ದಿ ಹೇಳುತ್ತದೆ.

ನಾಲ್ಕನೇ ವಾರ

ರಾತ್ರಿ ಹತ್ತಕ್ಕೆ ಹಸಿರು, ಬೆಳಗ್ಗೆ ಆರಕ್ಕೆ ನಿಂಬೆಹಳದಿ. ದೀಪ ಆರಿದ ಮೇಲೆ ಗಿಡಗಳು ಅನಿಲ ಹೀರುವುದಿಲ್ಲ, ಯೀಸ್ಟ್‌ಗೆ ಮಾತ್ರ ರಜೆಯಿಲ್ಲ. ಈಗ ರಾತ್ರಿಯಿಡೀ ಗಾಳಿ ಪಂಪು ಓಡುತ್ತಿದೆ, ಮೀನುಗಳು ಕೆಳಗಿವೆ. ನಿನ್ನೆಯಿಂದ ಮಧ್ಯಾಹ್ನವೂ ಹನಿ ನೀಲಿಗೆ ವಾಲುತ್ತಿದೆ. ಬಾಟಲಿಯ ಸಕ್ಕರೆ ಮುಗಿದಿರಬೇಕು.