ಯಾವ ಪೀಲ್ ಅಂತ ಕೇಳುವ ಮೊದಲು ಮನೆಯಲ್ಲಿರುವ ಟ್ಯೂಬ್ ತೋರಿಸಿ

ಬಳ್ಳಾರಿಯ ಒಂದು ಚರ್ಮದ ಕ್ಲಿನಿಕ್‌ನಲ್ಲಿ ನನ್ನ ಕೆಲಸ. ಬಂದವರ ಹಿನ್ನೆಲೆ ಕೇಳಿ ಬರೆದುಕೊಳ್ಳುವುದು, ಡಾಕ್ಟರ್ ಪೀಲ್ (ಕಲೆ, ಮೊಡವೆಗೆ ಚರ್ಮದ ಸಿಪ್ಪೆ ಏಳಿಸುವ ಆಸಿಡ್) ಹಚ್ಚುವಾಗ ಪಕ್ಕದಲ್ಲಿ ನಿಂತು ಟೈಮ್ ನೋಡುವುದು, ಮನೆಯಲ್ಲಿ ಏನು ಪಾಲಿಸಬೇಕು ಅಂತ ಹೇಳಿ ಕಳಿಸುವುದು. ಕುರ್ಚಿಯಲ್ಲಿ ಕೂತ ಕೂಡಲೇ ಬಹಳ ಮಂದಿ ಕೇಳುವುದು ಒಂದೇ: "ಮೇಡಂ, ಯಾವ ಪೀಲ್ ಚಲೋ?"

ಮುಖ ನೋಡಿದರೆ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ. ಎಣ್ಣೆ ಮುಖ, ಮೊಡವೆ, ಕಪ್ಪು ತಲೆಯ ಗುಳ್ಳೆಗಳಿದ್ದರೆ ಸಾಮಾನ್ಯವಾಗಿ ಸ್ಯಾಲಿಸಿಲಿಕ್. ಅದು ಎಣ್ಣೆಯಲ್ಲಿ ಕರಗುವ ಆಸಿಡ್, ಹಾಗಾಗಿ ರಂಧ್ರದ ಒಳಗೆ ಇಳಿಯುತ್ತದೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಮುಖದ ಮೇಲೆ ಬಿಳಿ ಪುಡಿ ಕೂರುತ್ತದೆ. ಕನ್ನಡಿ ಕೊಟ್ಟರೆ "ಅಯ್ಯ, ಆಗ್ಲೇ ಬೆಳ್ಳಗಾತು!" ಅಂತ ಖುಷಿಪಡುವವರಿದ್ದಾರೆ. ಅದು ಆಸಿಡ್‌ನ ಹರಳು ಅಷ್ಟೇ, ತೊಳೆದರೆ ಹೋಗುತ್ತದೆ. ಗ್ಲೈಕೋಲಿಕ್ ಆಸಿಡ್‌ನ ಅಣು ತೀರಾ ಚಿಕ್ಕದು, ಬೇಗ ಒಳಗೆ ಹೋಗುತ್ತದೆ. ಸರಿಯಾದ ಹೊತ್ತಿಗೆ ಅದನ್ನು ತಟಸ್ಥ ಮಾಡಿ ತೆಗೆಯಬೇಕು. ಅದಕ್ಕೇ ಗಡಿಯಾರದ ಮೇಲೆ ಕಣ್ಣು. ಮ್ಯಾಂಡೆಲಿಕ್‌ನ ಅಣು ದೊಡ್ಡದು, ನಿಧಾನವಾಗಿ ಇಳಿಯುತ್ತದೆ, ಉರಿ ಕಡಿಮೆ. ಒಣ ಚರ್ಮದವರಿಗೆ ಲ್ಯಾಕ್ಟಿಕ್ ಹಿತ.

"ಸ್ಟ್ರಾಂಗ್ ಇರೋದು ಹಾಕ್ರಿ, ಒಂದೇ ಸಲಕ್ಕೆ ಹೋಗ್ಲಿ" ಅನ್ನುವವರೂ ಇದ್ದಾರೆ. ಅಮೆರಿಕದ ವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಹಾಕಿಕೊಟ್ಟ ಚರ್ಮದ ವಿಂಗಡಣೆ ಈಗ 1ರಿಂದ 6ರವರೆಗೆ ಇದೆ. ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಅನ್ನುವುದೇ ಅದರ ಲೆಕ್ಕ. ನಮ್ಮ ಕಡೆಯವರು ಹೆಚ್ಚಾಗಿ 4, 5ರಲ್ಲಿ ಬರುತ್ತಾರೆ, ಅಂದರೆ ಸುಡುವುದಕ್ಕಿಂತ ಬೇಗ ಕಪ್ಪಾಗುವ ಚರ್ಮ. ಇಂಥ ಚರ್ಮಕ್ಕೆ ಗಾಯವಾದರೆ, ಉರಿ ಜಾಸ್ತಿಯಾದರೆ ಅಲ್ಲಿ ಕಪ್ಪು ಕಲೆ ಉಳಿಯುತ್ತದೆ. ಕಲೆ ತೆಗೆಸಲು ಬಂದು ಕಲೆ ತಗೊಂಡು ಹೋಗುವುದು ಹೀಗೇ. ಅದಕ್ಕೇ ಮೇಲ್ಪದರದ ಮೆದು ಪೀಲ್, ಎರಡು ಮೂರು ವಾರಕ್ಕೊಮ್ಮೆ, ಹಲವು ಸಲ. ಫೀನಾಲ್‌ನಂಥ ಆಳದ ಪೀಲ್ ನಮ್ಮ ಬಣ್ಣಕ್ಕೆ ಅಲ್ಲವೇ ಅಲ್ಲ.

ಉಳಿದರ್ಧ ಉತ್ತರ ಮಾತಿನಲ್ಲಿ ಸಿಗುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದೂ ಅದನ್ನೇ. "ಸ್ಟೀರಾಯ್ಡ್ ಕ್ರೀಮ್ ಹಚ್ಚುತ್ತೀರಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿ ಗೊತ್ತಿಲ್ಲ. "ಮೆಡಿಕಲ್ ಶಾಪ್‌ನಿಂದ ಮುಖಕ್ಕೆ ಏನು ತರ್ತೀರಿ ಅಕ್ಕ?" ಅಂತ ಕೇಳಬೇಕು. "ಏನಿಲ್ರೀ, ಸುಮ್ನೆ ರಾತ್ರಿ ಹಚ್ಚೋ ಕ್ರೀಮು. ಅದು ಬಿಟ್ರೆ ಮುಖ ಉರೀತೈತಿ." ಅಲ್ಲಿಗೆ ಅರ್ಥವಾಯಿತು. ಮನೆಗೆ ಫೋನ್ ಮಾಡಿಸಿ ಟ್ಯೂಬಿನ ಫೋಟೋ ತರಿಸಿಕೊಂಡರೆ ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಅದರಲ್ಲೇ. ಮೊದಲನೆಯದೇ ಸ್ಟೀರಾಯ್ಡ್. ಡಾಕ್ಟರ್ ಚೀಟಿ ಇಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆನ್ನೆಯಲ್ಲಿ ಸಣ್ಣ ರಕ್ತನಾಳ ಕಾಣುತ್ತವೆ. ಅದರ ಮೇಲೆ ಆಸಿಡ್ ಹಾಕಿದರೆ ಮುಖ ಸುಡುತ್ತದೆ. ಮೊದಲು ಆ ಕ್ರೀಮ್ ಬಿಡಿಸಬೇಕು. ಒಮ್ಮೆಲೇ ಬಿಟ್ಟರೂ ಮುಖ ಕೆರಳುತ್ತದೆ, ಹಾಗಾಗಿ ಹೇಗೆ ಬಿಡಬೇಕೆಂದು ಡಾಕ್ಟರೇ ಹೇಳುತ್ತಾರೆ. ಪೀಲ್ ಮಾತು ಆಮೇಲೆ.

ಇನ್ನೂ ಕೆಲವನ್ನು ಬಿಡದೆ ಕೇಳುತ್ತೇನೆ. ಬಸುರಿಯೇ? ಆಸ್ಪಿರಿನ್ ಅಲರ್ಜಿ ಇದೆಯೇ? ಹೌದು ಅಂದರೆ ಸ್ಯಾಲಿಸಿಲಿಕ್ ಬೇಡ. ತುಟಿ ಹತ್ತಿರ ಜ್ವರದ ಗುಳ್ಳೆ ಏಳುತ್ತವೆಯೇ? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದೀರಾ?

ಕೆಲಸ ಎಲ್ಲಿ ಅನ್ನುವುದೂ ಮುಖ್ಯ. ಜೀನ್ಸ್ ಹೊಲಿಯುವ ಹುಡುಗಿ ನೆರಳಲ್ಲಿರುತ್ತಾಳೆ. ಮೆಣಸಿನಕಾಯಿ ಬಿಡಿಸಲು ಹೋಗುವ ಅವ್ವನಿಗೆ ಏಳು ದಿನ ಬಿಸಿಲಿಗೆ ಹೋಗಬೇಡ ಅಂದರೆ ಕೂಲಿ ಯಾರು ಕೊಡುತ್ತಾರೆ? ಅವರಿಗೆ ಪೀಲ್‌ಗಿಂತ ಸೆರಗು, ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಫರ್ನೇಸ್ ಪಕ್ಕ ನಿಲ್ಲುವವರಿಗೆ, ಒಲೆ ಮುಂದೆ ದಿನ ಕಳೆಯುವವರಿಗೆ ಬಿಸಿಲಷ್ಟೇ ಅಲ್ಲ, ಕಾವಿಗೂ ಬಂಗು ಕೆರಳುತ್ತದೆ. ಬಂಗು ಇದ್ದವರಿಗೆ ಬಣ್ಣದ ಸನ್‌ಸ್ಕ್ರೀನ್ ಬರೆಯುತ್ತಾರೆ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಸಂಡೂರಿನ ಕಬ್ಬಿಣದ ಅದಿರಿನ ಲಾರಿಗಳು ಊರ ತುಂಬ ಎರಚುವ ಕೆಂಪು ಧೂಳೂ ಅದೇ ಐರನ್ ಆಕ್ಸೈಡ್! ಅದನ್ನೇ ದುಡ್ಡು ಕೊಟ್ಟು ಹಚ್ಚಿಕೊಳ್ಳುತ್ತೇವೆ ಅಂದರೆ ಎಲ್ಲರೂ ನಗುತ್ತಾರೆ.

ಮದುವೆ ಕಾಲ ಬಂದರೆ ಜಗಳ ಶುರು. ಸುಡು ಬೇಸಿಗೆ, ನಾಡಿದ್ದು ಅರಿಶಿನ, ಇವತ್ತು ಪೀಲ್ ಬೇಕು. ಪೀಲ್‌ಗೆ ಮೊದಲು ಎರಡರಿಂದ ನಾಲ್ಕು ವಾರ ಸನ್‌ಸ್ಕ್ರೀನ್, ಕ್ರೀಮ್ ಹಚ್ಚಿ ಚರ್ಮ ತಯಾರು ಮಾಡಬೇಕು. ಆಮೇಲೆ ಸಿಪ್ಪೆ ಏಳುವುದಕ್ಕೆ ಕೆಲವು ದಿನ. ಆಗುವುದಿಲ್ಲ ಅಂದರೆ ಕೆಲವರು ಸಿಟ್ಟಾಗಿ, ಪಾರ್ಲರ್‌ನಲ್ಲಿ ಮಾಡಿಸ್ತೀವಿ ಬಿಡ್ರಿ ಅಂತ ಎದ್ದು ಹೋಗುತ್ತಾರೆ. ಬಾಗಿಲ ತನಕ ಹೋಗಿ ಅವರಿಗೂ ಹೇಳುತ್ತೇನೆ: ಹಚ್ಚಿಸಿಕೊಳ್ಳುವ ಮೊದಲು ಬಾಟಲಿ ಮೇಲೆ ಯಾವ ಆಸಿಡ್, ಶೇಕಡಾ ಎಷ್ಟು ಅಂತ ಬರೆದಿದೆಯೋ ಓದಿರಿ. ಏನೂ ಬರೆದಿಲ್ಲ ಅಂದರೆ ಎದ್ದು ಬನ್ನಿ.